ಪೋಲಿಯೋ ಲಸಿಕೆಯಲ್ಲೊಂದು ಪಾಠಭೇದ

ಒಂದೇ ಗ್ರಂಥದ ಹಲವು ಪ್ರತಿಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಯಾವುದು ಯಾವುದರಿಂದ ಹುಟ್ಟಿತೆಂದು ನಿರ್ಣಯಿಸುವ ಕ್ರಮವು ಗ್ರಂಥಸಂಪಾದಕರಿಗೆ ಸುಪರಿಚಿತವಷ್ಟೆ. ವೈದ್ಯಶಾಸ್ತ್ರದಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದ ವಿವಾದವೊಂದಕ್ಕೆ ಬೆಳಕು ದೊರೆತುದೂ ಇದೇ ಕ್ರಮದಿಂದ.

ಪೋಲಿಯೋ ವಿಷಾಣುವಿನಲ್ಲಿ ಮೂರು ಪ್ರಕಾರಗಳುಂಟು. 1937ರಲ್ಲಿ ಲಾಸ್ ಏಂಜಲೀಸಿನಲ್ಲಿ ದೊರೆತ, ಲಿಯಾನ್ ಎಂದು ಹೆಸರಾದ ಮೂರನೆಯ ಪ್ರಕಾರದ ಉಗ್ರವಿಷಾಣುವನ್ನು ಆಲ್ಬರ್ಟ್ ಸೇಬಿನ್ನರು 1950ರ ದಶಕದಲ್ಲಿ ಕೋತಿಯ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಸೌಮ್ಯಗೊಳಿಸಿ, ಬಾಯಿಗೆ ಹಾಕುವ ಲಸಿಕೆಯನ್ನಾಗಿ ಮಾಡಿದರು. ಇಂತಹ ಲಸಿಕೆಯಿಂದ ಅಸಂಖ್ಯ ಮಕ್ಕಳು ಕೈಕಾಲುಗಳನ್ನು ಉಳಿಸಿಕೊಂಡರೆಂಬುದು ನಿರ್ವಿವಾದವು. ಆದರೆ ಲಕ್ಷಾಂತರ ಮಂದಿಯಲ್ಲಿ ಒಬ್ಬರಿಗೆ ಲಸಿಕೆಯ ಬೆನ್ನಲ್ಲೇ ಪಾರ್ಶ್ವವಾಯು ಬಡಿಯುತ್ತಿದ್ದಿತು. 1962ರಲ್ಲಿ ಅಮೆರಿಕದ ಆರೋಗ್ಯಾಧಿಕಾರಿಗಳು ವಯಸ್ಕರಿಗೆ ಮೂರನೆಯ ಪ್ರಕಾರವನ್ನು ಕೊಡಬಾರದೆಂದು ಸಲಹೆಯಿತ್ತರು. ಲಸಿಕೆಯೇ ಕಾರಣವೆಂಬುದನ್ನು ಸೇಬಿನ್ನರು ಒಪ್ಪಲಿಲ್ಲ. ಊರಿನಲ್ಲಿ ಸುಳಿಯುವ ಸಹಜವಿಷಾಣುವೇ ರೋಗಕ್ಕೆ ಕಾರಣವಲ್ಲವೆಂದು ನಿಸ್ಸಂದೇಹವಾಗಿ ತೋರಿಸುವ ಸಾಧನವು ಆಗ ಯಾರಲ್ಲಿಯೂ ಇರಲಿಲ್ಲ.

ವಿಷಾಣುವಿನ ಆನುವಂಶಿಕ ಲೇಖವನ್ನು ಓದುವ ವಿದ್ಯೆ ಕೈಗೂಡಿದ ಮೇಲೆ, 1984ರಲ್ಲಿ ಇಂಗ್ಲೆಂಡಿನ ಸಂಶೋಧಕರು ಲಿಯಾನ್ ಮೂಲವನ್ನೂ ಲಸಿಕೆಯನ್ನೂ ಆದ್ಯಂತ ಹೋಲಿಸಿದರು. ಸುಮಾರು 7400 ಅಕ್ಷರಗಳಲ್ಲಿ ಪಾಠಭೇದಗಳು ಹತ್ತೇ ಹತ್ತು! ಲಸಿಕೆಯ ಸಂಬಂಧದಿಂದ ರೋಗಕ್ಕೀಡಾದವರೊಬ್ಬರಲ್ಲಿ ದೊರೆತ ವಿಷಾಣುವನ್ನೂ ಪಕ್ಕದಲ್ಲಿಟ್ಟು ನೋಡಲು, ಅದು ಲಸಿಕೆಯ ಸಂತತಿಯೇ ಎಂದು ಸ್ಪಷ್ಟವಾಯಿತು. ಆದರೆ 472ನೆಯ ಸ್ಥಾನದಲ್ಲಿ ಲಸಿಕೆಯ ಯುರಾಸಿಲ್ ಹೋಗಿ ಮೂಲದ ಸೈಟೊಸಿನ್ ಮರಳಿ ಬಂದಿದ್ದಿತು. ವಿಚಿತ್ರವೆಂದರೆ ಆ ಸ್ಥಾನವು ಪ್ರೋಟೀನುಗಳನ್ನು ವಿಧಿಸುವ ಭಾಗದಲ್ಲಿಲ್ಲ; ಅದಕ್ಕೆ ಮೊದಲಿನ ಪೀಠಿಕಾಭಾಗದಲ್ಲಿದೆ. ಗ್ರಂಥದ ಪೀಠಿಕೆಯನ್ನು ಓದದೆ ದಾಟುವವರು ಇದನ್ನು ಗಮನಿಸಬೇಕು. 1985ರಲ್ಲಿ ಪ್ರಕಟವಾದ ಶೋಧನೆಯಿಂದ ಈ ಒಂದಕ್ಷರಕ್ಕೂ ನರಗಳನ್ನು ಕೆಡಿಸುವ ಶಕ್ತಿಯ ಹೆಚ್ಚಳಕ್ಕೂ ಇರುವ ಸಂಬಂಧವು ತಿಳಿದುಬಂದಿತು. ಇನ್ನೂ ಗಂಭೀರವಾದ ಸಂಗತಿಯೊಂದಿದೆ: ಲಸಿಕೆ ಪಡೆದ ಆರೋಗ್ಯವಂತ ಮಗುವಿನ ಕರುಳಿನಲ್ಲಿಯೂ ಕೆಲವೇ ದಿನಗಳೊಳಗೆ ಹಳೆಯ ಪಾಠವು ಮರುಕಳಿಸುವುದು. ಲಿಪಿಕಾರನ ತಪ್ಪನ್ನು ಮುಂದಿನ ಲಿಪಿಕಾರನು ತಿದ್ದುವಂತೆ ಕರುಳು ಇದನ್ನು ತಿದ್ದುತ್ತದೆ. ಇಲ್ಲಿ ಮಾತ್ರ ಶುದ್ಧಪಾಠವೇ ಅಪಾಯಕರವಾದುದು.

ಎರಡನೆಯ ಪ್ರಕಾರದ ಲಸಿಕೆಯಲ್ಲಿಯೂ ಇಂತಹುದೇ ಸ್ಥಾನವು 481ರಲ್ಲಿ ಕಂಡುಬಂದಿತು. ಅದರ ಸಂತತಿಯು ಲಸಿಕೆ ವಿರಳವಾದ ನಾಡುಗಳಲ್ಲಿ ಹಬ್ಬಿ ರೋಗವನ್ನುಂಟುಮಾಡಿದುದರಿಂದ, 2016ರಲ್ಲಿ ವಾಡಿಕೆಯ ಲಸಿಕೆಯಿಂದ ಆ ಪ್ರಕಾರವನ್ನು ಲೋಕವ್ಯಾಪಕವಾಗಿ ತೆಗೆದುಹಾಕಿದರು. ಒಂದಕ್ಷರ ತಿರುಗಿದರೂ ಉಗ್ರತೆ ಮರಳದಂತೆ ಪೀಠಿಕಾಭಾಗವನ್ನೇ ಬದಲಿಸಿ ರಚಿಸಿದ ನೂತನ ಲಸಿಕೆಯು 2021ರ ಮಾರ್ಚಿಯಿಂದ ಬಳಕೆಗೆ ಬಂದಿತು. ಅದರ ಸಂತತಿಯಿಂದಲೂ ರೋಗವುಂಟಾದುದು 2023ರಲ್ಲಿ ಬುರುಂಡಿ ಮತ್ತು ಕಾಂಗೋ ದೇಶಗಳಿಂದ ವರದಿಯಾಯಿತು.