ಸುಲ್ತಾನರ ಕೆರೆ, ಅವ್ವನ ಹಿತ್ತಲು

ತರಗತಿಯಲ್ಲಿ ಆದಿಲ್‌ಶಾಹಿಗಳ ಪಾಠ ಬಂದಾಗ ನಾನು ಮಮದಾಪುರದ ಕೆರೆಯ ಮಾತು ತೆಗೆಯದೆ ಬಿಡುವುದಿಲ್ಲ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹ 1633ರಲ್ಲಿ ಕಟ್ಟಿಸಿದ ಕೆರೆ ಅದು. 1651ರಲ್ಲಿ ವಿಜಾಪುರ ಪಟ್ಟಣಕ್ಕಾಗಿ ಬೇಗಂ ತಾಲಾಬನ್ನೂ ಅವನೇ ಕಟ್ಟಿಸಿದ. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ನೀರು ಹಿಡಿದಿಟ್ಟವನೇ ದೊರೆ. ಆದರೆ ಇದೇ ಸೀಮೆಯ ಹೆಣ್ಣುಮಕ್ಕಳು ಬಚ್ಚಲ ನೀರಿನಲ್ಲಿ ಹಿತ್ತಲು ಬೆಳೆಸಿದ ಸಂಗತಿ ನಾನು ಪಾಠ ಹೇಳಿದ ಪುಸ್ತಕಗಳಲ್ಲಿ ಇರಲಿಲ್ಲ.

ಹಿತ್ತಲಿಗೂ ಇತಿಹಾಸ ಉಂಟು. ಬದನೆ, ಸವತಿ ನಮ್ಮ ದೇಶದವೇ. ಮೆಣಸಿನಕಾಯಿ ಮಾತ್ರ ಅಮೆರಿಕ ಖಂಡದ್ದು. 1510ರಲ್ಲಿ ಪೋರ್ಚುಗೀಜರು ವಿಜಾಪುರದ ಅರಸರಿಂದ ಗೋವೆಯನ್ನು ಕಸಿದುಕೊಂಡರು. ಅದೇ ಶತಮಾನದಲ್ಲಿ ಅವರ ಹಡಗುಗಳಿಂದ ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿಯಿತು. ಅದಕ್ಕೂ ಮೊದಲು ಖಾರವೆಂದರೆ ಮೆಣಸು, ಶುಂಠಿ. ಹಳೆಯ ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಇಟ್ಟರು. ಗೋವೆ ಹೋದದ್ದು ದರ್ಬಾರಿಗೆ ನಷ್ಟ. ಮೆಣಸಿನಕಾಯಿ ಬಂದದ್ದು ನಮ್ಮ ರೊಟ್ಟಿಗೆ ಲಾಭ!

ಪಠ್ಯದಲ್ಲಿ ಚೈತ್ರವೆಂದರೆ ವಸಂತ. ನಮ್ಮಲ್ಲಿ ಅದು ಎರಿಮಣ್ಣು ಬಿರಿಯುವ ಬಿಸಿಲು. ಆದ್ದರಿಂದ ಯುಗಾದಿಗೆ ಅವ್ವ ದೊಡ್ಡ ಹಿತ್ತಲು ಹೂಡುತ್ತಿರಲಿಲ್ಲ. ಬಚ್ಚಲ ಕಾಲುವೆಯ ದಂಡೆಯಲ್ಲಿ ಎರಡು ಮಡಿ ಮಾಡಿ ಮೆಂತ್ಯ, ಕೊತ್ತಂಬರಿ, ರಾಜಗಿರಿ ಹಾಕುತ್ತಿದ್ದಳು. ಹೀರೆ, ಸವತಿ, ಪುಂಡಿಪಲ್ಯ ಮೃಗಶಿರಾ ಮಳೆಗೆ ಕಾಯಬೇಕು. ಆಗ ಪಾತ್ರೆಗೆ ಬೂದಿ, ತಲೆಗೆ ಸೀಗೆಕಾಯಿ. ಆ ನೀರು ಪಲ್ಯಕ್ಕೆ ಹಾಕಿದರೂ ಚಿಂತೆಯಿರಲಿಲ್ಲ. ಈಗ ಸೋಪಿನ ಪುಡಿಯ ನೀರನ್ನು ಸೊಪ್ಪಿಗೆ ಬಿಡಬಾರದು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರಾದರೂ ನಾಲ್ಕು ಕುಂಡಕ್ಕೆ ಸಾಲುತ್ತದೆ.

ಪಟ್ಟಣದಲ್ಲಿರುವ ನನ್ನ ತಂಗಿಯರು ಹಿತ್ತಲಿಲ್ಲವೆಂದು ಕೈಚೆಲ್ಲಬೇಕಿಲ್ಲ. ಅಗಲವಾದ ಡಬ್ಬಿಯ ತಳಕ್ಕೆ ತೂತು ಮಾಡಿರಿ. ಎರಿಮಣ್ಣಾದರೆ ಉಸುಕು, ಕಳಿತ ಸೆಗಣಿಗೊಬ್ಬರ ಬೆರೆಸಿರಿ. ಇಲ್ಲವಾದರೆ ಅದು ಗಟ್ಟಿಯಾಗಿ ಬೇರಿಗೆ ಉಸಿರು ಸಿಗುವುದಿಲ್ಲ. ಮೆಂತ್ಯವನ್ನು ರಾತ್ರಿ ನೆನೆಸಿ, ಕೊತ್ತಂಬರಿಯನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿರಿ. ಮೇಲೆ ತೆಳುವಾಗಿ ಜೋಳದ ರವದಿ ಹಾಸಿರಿ, ತೇವ ಉಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಳೆಯ ಸೀರೆಯ ನೆರಳು ಸಾಕು. ಮೆಂತ್ಯ ಮೂರು-ನಾಲ್ಕು ದಿನಕ್ಕೆ ಮೊಳೆತು, ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಕೊತ್ತಂಬರಿ ಮೊಳೆಯಲು ವಾರದ ಮೇಲೆ ಬೇಕು. ಅವಸರಪಟ್ಟು ಮಣ್ಣು ಕೆದಕಬೇಡಿರಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕೆನಿಸುತ್ತದೆ. ಅವ್ವ ಒಂದೆರಡು ಒಳ್ಳೆಯ ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡುತ್ತಿದ್ದಳು. ಒಣಗಿಸಿದ ಬೀಜಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದಳು. ನೆರೆಮನೆಯವರು ಒಂದು ಹಿಡಿ ಒಯ್ದರೆ ಮುಂದಿನ ವರ್ಷ ಬೇರೊಂದು ಬೀಜ ತಂದುಕೊಡುತ್ತಿದ್ದರು. ಅಂಗಡಿಯ ಹೈಬ್ರಿಡ್ ಬೀಜ ಒಮ್ಮೆ ಚೆನ್ನಾಗಿ ಬೆಳೆದರೂ ಅದರಿಂದ ತೆಗೆದ ಬೀಜ ತಾಯಿಗಿಡದ ಗುಣವನ್ನು ಹಾಗೆಯೇ ಕೊಡುವುದಿಲ್ಲ. ಹಿತ್ತಲಿಗೆಲ್ಲ ಸಿಮೆಂಟು ಬಿದ್ದಂತೆ ಆ ಬೂದಿಗಡಿಗೆಗಳೂ ಅಟ್ಟ ಸೇರಿವೆ. ಒಂದು ತಳಿಯ ಬೀಜ ಎಲ್ಲ ಮನೆಗಳಲ್ಲೂ ತೀರಿಹೋದರೆ ಅದನ್ನು ಮತ್ತೆ ಎಲ್ಲಿಂದ ತರೋಣ?

ಕೆರೆ ಕಟ್ಟಿಸಲು ಸುಲ್ತಾನನೇ ಬೇಕಾದೀತು. ಬೀಜ ಉಳಿಸಲು ಒಂದು ಹಿಡಿ ಬೂದಿ, ಕೇಳಿದವರಿಗೆ ಕೊಡುವ ಮನಸ್ಸು ಸಾಕು. ಈ ಯುಗಾದಿಗೆ ಬಿತ್ತಿದ ಮೆಂತ್ಯದಲ್ಲಿ ಎರಡು ಗಿಡವನ್ನಾದರೂ ಕೀಳದೆ ಬಿಡಿರಿ.