ಹಳೇ ಪೆಟ್ಟಿಗೆ, ಹೊಸ ಪೆಟ್ಟಿಗೆ

ನಮ್ಮ ಭಜನೆಯ ಹಾರ್ಮೋನಿಯಂ ಮೂಲದಲ್ಲಿ ನಮ್ಮ ದೇಶದ್ದಲ್ಲ. 1842ರಲ್ಲಿ ಪ್ಯಾರಿಸ್ಸಿನ ದೆಬೈನ್ ಎಂಬಾತ ಅದರ ಹಕ್ಕು ಬರೆಸಿಕೊಂಡ. ಅದು ಕುರ್ಚಿ ಮೇಲೆ ಕೂತು, ಕಾಲಲ್ಲಿ ತಿದಿ ತುಳಿದು ನುಡಿಸೋದು. ನೆಲದ ಮೇಲೆ ಕೂರೋ ನಮಗೆ ಒಗ್ಗುವ ಕೈತಿದಿಯ ಪೆಟ್ಟಿಗೆ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಪೆಟ್ಟಿಗೆ ಇಲ್ಲಿ ತಯಾರಾದರೂ ಒಳಗಿನ ಹಿತ್ತಾಳೆ ರೀಡು ಬಹಳ ಕಾಲ ಪ್ಯಾರಿಸ್ಸು, ಜರ್ಮನಿಯಿಂದಲೇ ಬರುತ್ತಿತ್ತು. ಆಮೇಲೆ ಗುಜರಾತಿನ ಪಾಲಿತಾಣದಲ್ಲೂ ಮಾಡತೊಡಗಿದರು. 1940ರಲ್ಲಿ ರೇಡಿಯೋದವರು ಈ ವಾದ್ಯವನ್ನೇ ಹೊರಗಿಟ್ಟರು. ನಮ್ಮ ಭಜನೆಯವರು ಮಾತ್ರ ಬಿಡಲಿಲ್ಲ.

ನಮ್ಮಪ್ಪನ ಪೆಟ್ಟಿಗೆಯಲ್ಲಿದ್ದದ್ದು ಪ್ಯಾರಿಸ್ಸಿನ ಕಾಸ್ರಿಯಲ್ ರೀಡು. ತಿದಿ ಮೆಲ್ಲಗೆ ಒತ್ತಿದರೂ ಸ್ವರ ತಟ್ಟನೆ ಏಳ್ತಿತ್ತು, ಹಾಡೋರ ಗಂಟಲಿನ ಕೆಳಗೇ ಇರ್ತಿತ್ತು. ಗೂಡಲೂರು ಮಳೆಗೆ ಮರ ಉಬ್ಬಿ, ಒತ್ತಿದ ಮನೆ ಮೇಲೇಳ್ತಿರಲಿಲ್ಲ. ಆಷಾಢದಲ್ಲಿ ಅದನ್ನ ಒಲೆ ಹತ್ತಿರವೇ ಇಡೋದು.

ಒಮ್ಮೆ ತಿದಿಯ ಚರ್ಮ ಹರೀತು. ಪೇಟೆಯ ಒಬ್ಬ ರಿಪೇರಿಯವನಿಗೆ ಕೊಟ್ಟೆ. ಪಾಲಿಶ್ ಹಾಕಿ ಫಳಫಳ ಅನ್ನಿಸಿ ಕೊಟ್ಟ. ಶನಿವಾರ ಭಜನೆಗೆ ಕೂತು ತಿದಿ ಎಳೆದೆ. ಅಪ್ಪನ ಸ್ವರವೇ ಇಲ್ಲ! ಮುಚ್ಚಳ ತೆಗೆದು ನೋಡಿದರೆ ರೀಡೆಲ್ಲ ಹೊಸವು. ಕೇಳಿದ್ದಕ್ಕೆ, ‘ಹಳೇದು ಸವೆದಿತ್ತು, ಬಿಸಾಕಿದೆ’ ಅಂದ.

ಹೊಸ ರೀಡು ಕೆಟ್ಟದ್ದಂತ ನಾನು ಹೇಳೋಲ್ಲ. ಜೋರಾಗಿದೆ, ಜಾತ್ರೆ ಮೈಕಿಗೆ ಸರಿ. ಈಗ ಹಳೇ ಮಾದರಿ ಅಂತ ಹೊಸ ಪೆಟ್ಟಿಗೆಗಳೂ ಬರ್ತವೆ. ಮರದ ಕೆತ್ತನೆ ಹಾಗೇ ಇರುತ್ತೆ, ಉಸಿರು ಬೇರೆ. ಯಾರಾದ್ರೂ ರಿಪೇರಿಗೆ ಕೊಡೋದಾದ್ರೆ, ಮೊದಲು ಮುಚ್ಚಳ ಬಿಚ್ಚಿ, ರೀಡಿನ ಮೇಲಿರೋ ಹೆಸರು ಬರೆದಿಟ್ಟುಕೊಳ್ಳಿ.