ನೀರು ತಿಂದ ಹಲ್ಲು

ನಮ್ಮ ಸೀಮ್ಯಾಗ ಎತ್ತು ಕೊಳ್ಳುವವರು ಮೊದಲು ಬಾಯಿ ತೆರೆಸಿ ನೋಡ್ತಾರ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಹಲ್ಲಿನ ಮ್ಯಾಲ ವಯಸ್ಸು, ವಯಸ್ಸಿನ ಮ್ಯಾಲ ಬೆಲೆ. ಈ ಲೆಕ್ಕದಾಗ ನಮ್ಮನ್ನ ಸಂತಿಗೆ ಹೊಡೆದರ ನಾವು ಮುದಿ ಎತ್ತು. ಶಾಲೆಯ ದಾಖಲೆಯಲ್ಲಿ ನಮ್ಮ ವಯಸ್ಸು ಇಪ್ಪತ್ತಾರು. ಮೇಲಿನ ಸಾಲಿನಲ್ಲಿ ಉಳಿದ ಹಲ್ಲು ಆರು, ಅವೂ ಅಲುಗಾಡುತ್ತವೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಒಬ್ಬ ವೈದ್ಯರು ಬಾಯೊಳಗೆ ಕನ್ನಡಿ ಹಾಕಿ ನೋಡಿ, 'ಇವನ್ನೆಲ್ಲ ತೆಗೆದು ಸೆಟ್ಟು ಕೂಡಿಸಬೇಕಾಗ್ತದ' ಎಂದರು. ಆಮೇಲೆ ಚೀಟಿಯ ಮೇಲಿದ್ದ ವಯಸ್ಸು ನೋಡಿ ಸುಮ್ಮನಾದರು.

ಹಲ್ಲು ಬೀಳುವುದು ಮುಪ್ಪಿನ ಗುರುತು ಎಂದು ಬಸವಣ್ಣನ ಕಾಲದಿಂದ ಕೇಳಿಕೊಂಡು ಬಂದವರು ನಾವು. ಮುಪ್ಪು ಬರುವ ಮೊದಲೇ ಹಲ್ಲು ಹೋದವರಿಗೆ ಊರು ಬೇರೆ ಕಾರಣ ಹೇಳ್ತದ: 'ತಿಕ್ಕೋದಿಲ್ಲ, ಹೊಲಸು ಮಂದಿ.' ಹಾಸ್ಟೆಲ್ಲಿನಲ್ಲಿ ಇದನ್ನು ಕೇಳಿದೆವು. ನಾಚಿಕೆಯ ಮಾತೆಂದರೆ, ಬಹಳ ದಿನ ಇದನ್ನು ನಂಬಿದೆವು. ಬೇವಿನ ಕಡ್ಡಿ, ಇದ್ದಿಲು, ಬೂದಿ, ಇಟ್ಟಂಗಿ ಪುಡಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ತಿಕ್ಕಿದೆವು. ಒಸಡಿನ ರಕ್ತ ಬಂತು, ಕಂದು ಕಲೆ ಹೋಗಲಿಲ್ಲ.

ನಮ್ಮ ಬಾಯಿ ಹೊಲಸು ಎಂಬ ಮಾತು ಇವತ್ತಿನದಲ್ಲ. ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯನ ಉಗುಳು ನೆಲಕ್ಕೆ ಬೀಳಬಾರದೆಂದು ಅವನ ಕೊರಳಿಗೆ ಮಣ್ಣಿನ ಗಡಿಗೆ ಕಟ್ಟಿಸುತ್ತಿದ್ದರೆಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ನಮ್ಮ ಧಾರವಾಡ ಸೀಮೆಯೂ 1817-18ರ ತನಕ ಅದೇ ಪೇಶ್ವೆಗಳ ಕೈಯಲ್ಲಿತ್ತು. ಗಡಿಗೆ ಹೋಗಿದೆ. ಗಡಿಗೆ ಕಟ್ಟಿದ ಬುದ್ಧಿ ಹಲ್ಲಿನ ಕಲೆ ಕಂಡಾಗಲೆಲ್ಲ ಹೊರಗೆ ಬರುತ್ತದೆ.

ಆದ್ದರಿಂದ ನಮ್ಮ ಹಲ್ಲು ತಿಂದವರು ಯಾರು ಎಂದು ಹುಡುಕುವುದು ನಮ್ಮ ಕೆಲಸ. ಹುಡುಕುತ್ತಾ ಹೋದರೆ ದಾರಿ ನೀರಿನ ಹತ್ತಿರ ಹೋಗಿ ನಿಲ್ಲುತ್ತದೆ.

ಶಲವಡಿ ಎರೆಭೂಮಿಯ ಊರು. ನವಲಗುಂದ, ಅಣ್ಣಿಗೇರಿ ಕಡೆಯ ಈ ಕರಿಮಣ್ಣಿನ ಬಯಲಿನಲ್ಲಿ ಕಡ್ಲಿ, ಜೋಳ, ಹತ್ತಿ ಬೆಳೀತದ. ಆದರೆ ನೆಲ ಬಗೆದರೆ ಬರೋದು ಸವುಳು ನೀರು, ಬಾಯಿಗೆ ಹಾಕಿಕೊಳ್ಳಲು ಬಾರದು. ಹಾಗಾಗಿ ಇಲ್ಲಿ ಮಂದಿ ಬದುಕಿದ್ದು ಮಳೆ ನೀರು ನಿಲ್ಲುವ ಕೆರೆಯ ಮೇಲೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಕಾಲುವೆ ನೀರನ್ನೂ ಕೆರೆಗೆ ತುಂಬಿಸಿಕೊಂಡರು. ಸಿಹಿನೀರಿನ ಕೆರೆ ಇಂಥ ಊರಿಗೆ ಜೀವ. ಜೀವ ಯಾರ ಕೈಯಾಗ ಇರ್ತದೋ ಅವರೇ ಊರಾಳ್ತಾರ.

ನಾವು ಹುಟ್ಟಿದ್ದು ಶಲವಡಿಯಲ್ಲಾದರೂ ಬೆಳೆದದ್ದು ಎಂಟು ವರ್ಷದ ತನಕ ಮುಂಡರಗಿ ಕಡೆಯ ಅಜ್ಜಿಯ ಊರಿನಲ್ಲಿ. ಅವ್ವ-ಅಪ್ಪ ಗುಳೆ ಹೋಗುತ್ತಿದ್ದರು, ಕೂಸನ್ನು ಅಜ್ಜಿಯ ಉಡಿಗೆ ಹಾಕಿ. ಮುಂಡರಗಿ ಈಗ ಗದಗ ಜಿಲ್ಲೆಯಲ್ಲಿದೆ. 1997ರ ತನಕ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅಜ್ಜಿಯ ಕೇರಿಯಲ್ಲಿ ಒಂದು ಬೋರು, ಅದರ ಮೇಲೊಂದು ಕೈಪಂಪು. ನೀರು ತಿಳಿ, ತಣ್ಣಗೆ. ಕೊಡ ತುಂಬಿದರೆ ಆಕಾಶ ಕಾಣುತ್ತಿತ್ತು. ಅದರೊಳಗೆ ಫ್ಲೋರೈಡ್ ಇತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಇದು ಕೆಲಸ ಮಾಡುವ ಬಗೆಯನ್ನು ಹಳ್ಳಿಯ ಮಾಸ್ತರರು ಮಕ್ಕಳಿಗೆ ಹೇಳಬೇಕೆಂದು ಸ್ವಲ್ಪ ಬಿಡಿಸಿ ಬರೆಯುತ್ತೇವೆ. ಫ್ಲೋರೈಡ್ ಇರೋದು ಕಲ್ಲಿನಲ್ಲಿ. ಆಳದ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಮಳೆಯ ನೀರಿನಲ್ಲಿ, ಕೆರೆಯ ನೀರಿನಲ್ಲಿ ಅದು ಕಡಿಮೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ನೀರೇ ಇಲ್ಲವೆಂದರೆ 1.5ರ ತನಕ ನಡೆದೀತು ಎನ್ನುತ್ತದೆ ನಮ್ಮ ದೇಶದ ಮಾನಕ. ಅದಕ್ಕಿಂತ ಹೆಚ್ಚಾದದ್ದನ್ನು ಕೂಸು ಕುಡಿದರೆ ಪೆಟ್ಟು ಬೀಳುವುದು ಬಾಯಲ್ಲಿ ಕಾಣುವ ಹಾಲುಹಲ್ಲಿಗಲ್ಲ. ಒಸಡಿನ ಒಳಗೆ ಇನ್ನೂ ಕಟ್ಟುತ್ತಿರುವ ಕಾಯಂ ಹಲ್ಲಿಗೆ. ಹುಟ್ಟಿದಾಗಿನಿಂದ ಎಂಟು ವರ್ಷದ ತನಕ ಆ ಹಲ್ಲಿನ ಮೇಲ್ಪದರ ಕಟ್ಟುತ್ತಿರುತ್ತದೆ. ಆಗ ಕೆಟ್ಟದ್ದು ಮುಂದೆ ತಿಕ್ಕಿದರೂ ಹೋಗುವುದಿಲ್ಲ, ಔಷಧಿಗೂ ಸರಿಯಾಗುವುದಿಲ್ಲ. ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿ ಗೆರೆ, ಹಳದಿ, ಕಂದು, ಹೆಚ್ಚಾದವರಿಗೆ ತೂತು-ಗುಳಿ. ಗುಳಿ ಬಿದ್ದಲ್ಲಿ ಚಕ್ಕೆ ಏಳುತ್ತದೆ, ಹುಳುಕು ಹಿಡಿಯುತ್ತದೆ. ಹಾಲು-ಮೊಸರು ಕಂಡ ಮನೆಯ ಕೂಸಿಗಿಂತ ಕಾಣದ ಮನೆಯ ಕೂಸಿಗೆ ಪೆಟ್ಟು ಜಾಸ್ತಿ. ಬರಿ ಹಲ್ಲಿಗೇ ಮುಗಿದರೆ ಪುಣ್ಯ. ವರ್ಷಾನುಗಟ್ಟಲೆ ಕುಡಿದವರ ಬೆನ್ನು, ಮೊಣಕಾಲು ಕಟ್ಟಿಗೆಯಾಗುತ್ತವೆ. ನಮ್ಮ ಅಜ್ಜಿ ಕುಂತರೆ ಏಳುತ್ತಿರಲಿಲ್ಲ. 'ವಾಯು' ಅಂತಿದ್ದಳು.

ಇದನ್ನು ಜಗತ್ತು ಕಂಡುಕೊಂಡದ್ದು ಹೀಗೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸಿಗೆ ಬಂದ ಮೆಕೇ ಎಂಬ ಹಲ್ಲಿನ ವೈದ್ಯ ಅಲ್ಲಿಯ ಮಂದಿಯ ಕಂದು ಹಲ್ಲು ನೋಡಿ ಬೆನ್ನು ಹತ್ತಿದ. ಮೂವತ್ತು ವರ್ಷದ ಮೇಲೆ, 1931ರಲ್ಲಿ, ಒಂದು ಅಲ್ಯುಮಿನಿಯಂ ಕಂಪನಿಯ ರಸಾಯನ ತಜ್ಞ ಚರ್ಚಿಲ್ ನೀರಿನಲ್ಲಿ ಫ್ಲೋರೈಡ್ ಹಿಡಿದ. ಇಂಡಿಯಾದಲ್ಲಿ 1937ರಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯ ಹಳ್ಳಿಗಳ ಈ ರೋಗವನ್ನು ಶಾರ್ಟ್ ಮತ್ತು ಜೊತೆಗಾರ ವೈದ್ಯರು ಬರೆದು ಪ್ರಕಟಿಸಿದರು. ಅದಕ್ಕೂ ಮುಂಚೆ ಆ ಕಡೆಯ ರೈತರು ಕಂಡದ್ದು ಎತ್ತು ಕುಂಟುವುದನ್ನು. ಎತ್ತು ಕುಂಟಿದರೆ ಬೇಸಾಯ ನಿಲ್ಲುತ್ತದೆ, ಕಣ್ಣಿಗೆ ಬೀಳುತ್ತದೆ. ಆಳು ಕುಂಟಿದರೆ ಇನ್ನೊಬ್ಬ ಆಳು ಸಿಗುತ್ತಾನೆ.

1937ರಲ್ಲೇ ಗೊತ್ತಿದ್ದ ಈ ವಿಷ ನಮ್ಮ ಅಜ್ಜಿಯ ಕೇರಿಗೆ ಸರಕಾರಿ ಕೈಪಂಪಿನಲ್ಲಿ ಹೇಗೆ ಬಂತು? ಧಾರವಾಡ 1956ರ ತನಕ ಮುಂಬಯಿಗೆ ಸೇರಿತ್ತು. ಮುಂಬಯಿ ಶಾಸನಸಭೆಯಲ್ಲಿ 1923ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆ ಒಂದು ಗೊತ್ತುವಳಿ ಪಾಸು ಮಾಡಿಸಿದರು: ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು. ಕಾಗದದ ಮೇಲೆ ಅಂದಿನಿಂದಲೇ ನಮ್ಮ ಸೀಮೆಯ ಕೆರೆಗಳೂ ನಮಗೆ ತೆರೆದವು. ಆ ಕಾಗದವನ್ನು ನಂಬಿಯೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಬೊಗಸೆಯಲ್ಲಿ ಎತ್ತಿ ಕುಡಿದದ್ದು. ಕುಡಿದವರ ಮೇಲೆ ಬಡಿಗೆ ಬಿತ್ತು, ಕೆರೆಯನ್ನು ಸಗಣಿ-ಗಂಜಲದಲ್ಲಿ ಶುದ್ಧ ಮಾಡಿದರು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಅಷ್ಟಾದರೂ ಎಷ್ಟೋ ಊರುಗಳಲ್ಲಿ ನಮ್ಮವರು ಕೆರೆಯ ದಂಡೆಯಲ್ಲಿ ಕೊಡ ಇಟ್ಟು, ಯಾರಾದರೂ ಮ್ಯಾಲಿಂದ ಹಾಕಿಯಾರು ಎಂದು ಕಾಯುವುದು ತಪ್ಪಲಿಲ್ಲ.

ಆಮೇಲೆ ಬಂತು 1972ರ ಬರ. ಕೆರೆ-ಬಾವಿ ಒಣಗಿದವು. ಬಂಡೆ ಕೊರೆಯುವ ಯಂತ್ರಗಳು ಹಳ್ಳಿಗಳಿಗೆ ಬಂದವು. ನೆರೆಯ ಸೊಲ್ಲಾಪುರದ ಕೈಪಂಪನ್ನು ತಿದ್ದಿ ಮಾಡಿದ 'ಇಂಡಿಯಾ ಮಾರ್ಕ್ 2' ಯುನಿಸೆಫ್ ನೆರವಿನಿಂದ 1970ರ ದಶಕದ ಕೊನೆಗೆ ಲೆಕ್ಕವಿಲ್ಲದಷ್ಟು ಊರುಗಳಲ್ಲಿ ನಿಂತಿತು. ಜೀವ ಉಳಿಸಿದ ಪಂಪು ಅದು, ಇಲ್ಲವೆನ್ನುವುದಿಲ್ಲ. ಕಾಲರಾ, ಬೇಧಿ ಕಡಿಮೆಯಾದವು. ಆದರೆ ಊರಿನ ಹಿರೇರು ಅದರಲ್ಲಿ ಇನ್ನೊಂದು ಉಪಯೋಗ ಕಂಡರು. 'ನಿಮ್ಮ ಕೇರಿಗೆ ನಿಮ್ಮದೇ ಬೋರು ಹಾಕ್ಸೇವಿ, ಇನ್ನ ಕೆರಿ ಕಡೆ ಯಾಕ ಬರ್ತೀರಿ?' ನಮ್ಮವರೂ ಖುಷಿಯಿಂದ ತೆಂಗಿನಕಾಯಿ ಒಡೆದರು. ಕಾದು ನಿಲ್ಲುವ ಅವಮಾನ ತಪ್ಪಿತಲ್ಲ! ಕೆರೆಯ ಹಕ್ಕು ಕೇಳುವ ಬಾಯಿಗೆ ಬೋರಿನ ನೀರು ಬಿದ್ದದ್ದು ಹೀಗೆ. ಫ್ಲೋರೈಡ್ ಇದ್ದ ಸೀಮೆಗಳಲ್ಲಿ ಆ ಬಾಯಿಯ ಹಲ್ಲೂ ಹೋದವು. ಮುಂಡರಗಿ, ಪಾವಗಡ, ಬಾಗೇಪಲ್ಲಿ, ಕೊಪ್ಪಳ, ರಾಯಚೂರು ಕಡೆಯ ಮಕ್ಕಳ ನಗು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಲೋರೈಡ್ ಜಾತಿ ಕೇಳುವುದಿಲ್ಲ, ಮೇಲಿನ ಓಣಿಯವರ ಹಲ್ಲೂ ಹೋಗಿವೆ. ಆದರೆ ಬೇರೆ ನೀರು ತರಿಸಿಕೊಳ್ಳುವ ಶಕ್ತಿ ಎರಡೂ ಓಣಿಗೆ ಒಂದೇ ಅಲ್ಲ.

ಪಟಕ, ಸುಣ್ಣ, ಬ್ಲೀಚಿಂಗ್ ಪುಡಿಯಿಂದ ಫ್ಲೋರೈಡ್ ಇಳಿಸುವ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ 1975ರಲ್ಲೇ ಕೊಟ್ಟಿತ್ತು. ನಲಗೊಂಡ ವಿಧಾನವೆಂದು ಅದರ ಹೆಸರು. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಕೆಟ್ಟಾಗ ಮತ್ತೆ ಅದೇ ಬೋರು.

ನಮ್ಮದೂ ತಪ್ಪಿದೆ, ಮುಚ್ಚಿಡುವುದಿಲ್ಲ. ಹಲ್ಲುನೋವಿಗೆ ಅಜ್ಜಿ ಮಿಶ್ರಿ ತಿಕ್ಕುತ್ತಿದ್ದಳು, ತಂಬಾಕು ನೋವನ್ನು ಜೋಮು ಹಿಡಿಸುತ್ತದೆ. ಕಾಲೇಜಿನಲ್ಲಿ ನಾವು ಗುಟ್ಕಾ ಹಾಕಿದೆವು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು; ಅಂಗಡಿಯವರು ಮಸಾಲೆ ಬೇರೆ, ತಂಬಾಕು ಬೇರೆ ಚೀಟಿಯಲ್ಲಿ ಮಾರಲು ಕಲಿತರು, ಕೂಡಿಸಿ ತಿನ್ನಲು ನಾವು ಕಲಿತೆವು.

ಇನ್ನು ಕೀಳುವ ಮಾತು. ಬಡವನ ಹಲ್ಲಿಗೆ ಇರುವ ಔಷಧಿ ಒಂದೇ, ಇಕ್ಕಳ. ಒಂದು ಹಲ್ಲು ಉಳಿಸಲು ರೂಟ್ ಕೆನಾಲ್, ಮೇಲೊಂದು ಕ್ಯಾಪು ಎಂದರೆ ಸಾವಿರಗಳ ಲೆಕ್ಕ; ಕೀಳಲು ಸರಕಾರಿ ದವಾಖಾನೆಯಲ್ಲಿ ಚೀಟಿಯ ದುಡ್ಡು ಸಾಕು. ಮೊದಲು ಸಂತೆಯಲ್ಲಿ ಚಾಪೆ ಹಾಸಿ, ಕಿತ್ತ ಹಲ್ಲುಗಳನ್ನು ರಾಶಿ ಹಾಕಿಕೊಂಡು ಕೂತವರ ಮುಂದೆ ನಮ್ಮವರು ಬಾಯಿ ತೆರೆಯುತ್ತಿದ್ದರು. ನಮ್ಮ ಬಾಯಿಂದ ಹದಿನಾರನೇ ವಯಸ್ಸಿನಿಂದ ಒಂದೊಂದಾಗಿ ಹೋದದ್ದು ಹೀಗೆ. ಪ್ರತಿ ಸಲವೂ ನೋವು ನಿಂತದ್ದೇ ಸಂತೋಷ. ಬಾಯಿ ಬರಿದಾಗುತ್ತಿರುವುದು ಲಕ್ಷ್ಯಕ್ಕೆ ಬರಲಿಲ್ಲ.

ಕಟ್ಟಿಸಿದ ಹಲ್ಲಿನ ಚರಿತ್ರೆಯನ್ನು ಓದಿದಾಗ ನಮಗೆ ನಿದ್ದೆ ಬರಲಿಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನಿಗೆ ಇಪ್ಪತ್ತರ ಹರೆಯದಲ್ಲೇ ಹಲ್ಲು ಹೋಗತೊಡಗಿದ್ದವು. 1789ರಲ್ಲಿ ಅಧಿಕಾರದ ಪ್ರಮಾಣ ಮಾಡುವಾಗ ಬಾಯಲ್ಲಿ ಉಳಿದದ್ದು ಒಂದೇ ಹಲ್ಲು. ನೀರಾನೆಯ ದಂತ, ಸೀಸ, ಹಿತ್ತಾಳೆ ತಿರುಪು, ಮನುಷ್ಯರ ಹಲ್ಲು ಸೇರಿಸಿ ಅವನಿಗೆ ಸೆಟ್ಟು ಮಾಡಿದ್ದರು. ಅವನ ಜಮೀನಿನ 1784ರ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿದೆ: ದಂತವೈದ್ಯನ ಬಾಬತ್ತು, ನೀಗ್ರೋಗಳಿಂದ ಒಂಬತ್ತು ಹಲ್ಲಿಗೆ ಕೊಟ್ಟ ದುಡ್ಡು, 122 ಶಿಲ್ಲಿಂಗ್. ಗುಲಾಮನು ಕೊಡುವುದಿಲ್ಲ ಎನ್ನಲಾರ, ಅದಕ್ಕೆ ದುಡ್ಡು ಕೊಟ್ಟರೂ ಅದು ವ್ಯಾಪಾರವಲ್ಲ. 1815ರ ವಾಟರ್ಲೂ ಯುದ್ಧದಲ್ಲಿ ಸತ್ತ ಸಿಪಾಯಿಗಳ ಹಲ್ಲನ್ನೂ ಕಿತ್ತು ಉಳ್ಳವರ ಸೆಟ್ಟಿಗೆ ಮಾರಿದರು.

ಹತ್ತೊಂಬತ್ತನೇ ಶತಮಾನದ ನಡುವೆ ಗಟ್ಟಿ ರಬ್ಬರಿನ ತಳ ಬಂತು, ಸೆಟ್ಟು ಅಗ್ಗವಾಯಿತು. ಆಗ ಇಂಗ್ಲೆಂಡಿನ ಕೂಲಿಕಾರರ ಕೇರಿಗಳಲ್ಲಿ, ಸ್ಕಾಟ್ಲೆಂಡ್-ವೇಲ್ಸ್ ಕಡೆ, ಒಂದು ಪದ್ಧತಿ ಬೆಳೆಯಿತು: ಮದುವೆಗೆ ಮುಂಚೆ ಹೆಣ್ಣಿನ ಹಲ್ಲನ್ನೆಲ್ಲ ಕೀಳಿಸಿ ಸೆಟ್ಟು ಹಾಕಿಸಿ ಕಳಿಸುವುದು. ಮುಂದೆ ಗಂಡನಿಗೆ ದವಾಖಾನೆಯ ಖರ್ಚು ಬೀಳಬಾರದಲ್ಲ! ಇಪ್ಪತ್ತು-ಇಪ್ಪತ್ತೊಂದರ ಹುಡುಗಿಯರು. ಇದು ಇಪ್ಪತ್ತನೇ ಶತಮಾನದೊಳಗೂ ನಡೆಯಿತು. ಗಣಿಯಲ್ಲಿ ದುಡಿದು ಬಂದ ಮಂತ್ರಿ ಅನ್ಯೂರಿನ್ ಬೆವನ್ 1948ರಲ್ಲಿ ಪುಕ್ಕಟೆ ಆರೋಗ್ಯ ಸೇವೆ ತಂದಾಗ ಸೆಟ್ಟಿಗಾಗಿ ಮಂದಿ ಮುಗಿಬಿದ್ದರು. 1951ರಲ್ಲಿ ಸರಕಾರ ಹಲ್ಲಿನ ಸೆಟ್ಟಿಗೂ ಚಾಳೀಸಿಗೂ ದುಡ್ಡು ಕೇಳಲು ಹೊರಟಿತು, ಬೆವನ್ ರಾಜೀನಾಮೆ ಬಿಸಾಕಿದ. 1968ರಲ್ಲಿ ಎಣಿಸಿದಾಗ ಇಂಗ್ಲೆಂಡ್-ವೇಲ್ಸಿನ ವಯಸ್ಕರಲ್ಲಿ ನೂರಕ್ಕೆ 37 ಮಂದಿಯ ಬಾಯಲ್ಲಿ ಸ್ವಂತದ ಒಂದು ಹಲ್ಲೂ ಇರಲಿಲ್ಲ. ನಮ್ಮನ್ನಾಳಿದ ದೇಶದ ಬಡವರ ಬಾಯಿ ಅದು.

ನಮ್ಮಲ್ಲಿ ಹೆಣ್ಣುಮಕ್ಕಳ ಪಾಡು ಬೇರೆ. ಅಜ್ಜಿಯ ಊರಿನ ಹುಡುಗಿಯರು ನಗುವಾಗ ಸೆರಗು ಬಾಯಿಗೆ ಹೋಗುತ್ತದೆ. ಅದನ್ನು ಲಜ್ಜೆ ಎಂದು ಪದ್ಯ ಬರೆದವರಿದ್ದಾರೆ. ನಾವೂ ಒಮ್ಮೆ ಬರೆದಿದ್ದೆವು, ಹರಿದು ಹಾಕಿದೆವು. ಕನ್ಯಾ ನೋಡಲು ಬಂದವರು 'ಹಾಡು ಹೇಳವಾ' ಎನ್ನುವುದು ದನಿ ಕೇಳಲಿಕ್ಕಲ್ಲ.

ಗೆಳೆಯರೇ, ನಮಗೆ ಸೆಟ್ಟು ಯಾಕೆ ಬೇಕೆಂದರೆ ತಿನ್ನಲಿಕ್ಕೆ ಮಾತ್ರವಲ್ಲ. ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಿಯೇವು. ವ್ಯಾಕರಣದಲ್ಲಿ ದಂತ್ಯಾಕ್ಷರ ಎಂದು ಓದಿದ್ದೀರಿ: ತ, ಥ, ದ, ಧ, ನ, ಮತ್ತೆ ಲ, ಸ. ನಾಲಿಗೆ ಹಲ್ಲಿಗೆ ತಾಗಿದರೆ ಮಾತ್ರ ಇವು ಸರಿಯಾಗಿ ಹುಟ್ಟುತ್ತವೆ. 'ದಲಿತ' ಎಂಬ ಶಬ್ದದಲ್ಲಿ ಇರುವುದು ಮೂರೇ ಅಕ್ಷರ, ಮೂರೂ ದಂತ್ಯ. ಒಂದು ಕವಿಗೋಷ್ಠಿಯಲ್ಲಿ ಆ ಶಬ್ದ ನಮ್ಮ ಬಾಯಿಂದ ಗಾಳಿಯಾಗಿ ಹೋಯಿತು, ಮುಂದಿನ ಸಾಲಿನವರು ನಕ್ಕರು. ಇಳಿದು ಬಂದಾಗ ಒಬ್ಬ ಹಿರಿಯರು 'ಪದ್ಯ ಛಲೋ ಅದ, ಉಚ್ಚಾರ ಶುದ್ಧ ಮಾಡ್ಕೊಳ್ರಿ' ಎಂದರು. ಮೊದಲ ಸಲ ಅಕ್ಷರ ಕಲಿತ ಮನೆಯವರಿಗೆ ಈ ಶುದ್ಧದ ಮಾತು ಹೊಸದಲ್ಲ. ಉತ್ತರ ಕೊಡಲು ಬಾಯಿ ತೆರೆಯಲಿಲ್ಲ, ತೆರೆದರೆ ಕಾಣುತ್ತಿತ್ತು.

ನಮ್ಮ ಸರಕಾರ 2014ರ ಹೊತ್ತಿಗೆ 'ದಂತಭಾಗ್ಯ' ಯೋಜನೆ ತಂದಿತು: ಬಿಪಿಎಲ್ ಕುಟುಂಬದ ಹಿರಿಯರಿಗೆ ಪುಕ್ಕಟೆ ಸೆಟ್ಟು. ಒಳ್ಳೆಯ ಕೆಲಸ, ನಮ್ಮ ಓಣಿಯ ಮುದುಕರ ಪರವಾಗಿ ಶರಣು. ಆದರೆ ಅಲ್ಲೂ ಹಲ್ಲು ಹೋಗುವುದು ಮುಪ್ಪಿಗೇ ಎಂಬ ನಂಬಿಕೆ. ಆಮೇಲೆ ವಯಸ್ಸಿನ ಮಿತಿಯನ್ನು ಇಳಿಸಿದರು. ಇಪ್ಪತ್ತಾರರ ತನಕ ಇಳಿದಿಲ್ಲ.

ಅವತ್ತು ಹುಬ್ಬಳ್ಳಿಗೆ ಅವ್ವನೂ ಬಂದಿದ್ದಳು. ವೈದ್ಯರು ಸುಳ್ಳು ಹೇಳಲಿಲ್ಲ. ಹಲ್ಲು ಕಿತ್ತ ಮೇಲೆ ದವಡೆಯ ಎಲುಬು ವರ್ಷವರ್ಷವೂ ಸವೆಯುತ್ತದೆ, ಸೆಟ್ಟು ಸಡಿಲಾಗುತ್ತದೆ, ಆಗಾಗ ಹೊಸದು ಮಾಡಿಸಬೇಕು. ಇಷ್ಟು ಸಣ್ಣ ವಯಸ್ಸಿಗೆ ಶುರುವಾದರೆ ಜೀವಮಾನದಲ್ಲಿ ಎಷ್ಟು ಸಲವೋ. ಆರರಲ್ಲಿ ಎರಡು ಗಟ್ಟಿ ಇವೆ, ಅವನ್ನು ಉಳಿಸಿ ಅವುಗಳ ಆಸರೆಯಲ್ಲಿ ಅರ್ಧ ಸೆಟ್ಟು ಮಾಡಬಹುದು, ಖರ್ಚು ಜಾಸ್ತಿ ಎಂದರು. ಎರಡು ಹಲ್ಲು ಉಳಿಸಿಕೊಳ್ಳುವುದೆಂದು ನಾವು ಹೇಳಿದೆವು. ಆಮೇಲೆ ಬಣ್ಣ ಆರಿಸಲು ಒಂದು ಪಟ್ಟಿ ಹಿಡಿದರು. ಹಾಲಿನ ಬಿಳುಪಿನಿಂದ ನಸುಹಳದಿಯ ತನಕ ಸಾಲಾಗಿ ಹಲ್ಲುಗಳು. ನಮ್ಮ ಹಲ್ಲಿನ ಬಣ್ಣ ಅದರಲ್ಲಿ ಇರಲಿಲ್ಲ.

'ಕಡ್ಲಿ ತಿನ್ನಾಕ ಬರ್ತದೇನ್ರೀ ಸಾಹೇಬ್ರ?' ಅವ್ವ ಕೇಳಿದಳು.

'ಹಸಿ ಕಡ್ಲಿ ತಿನ್ಲಿ ತಾಯಿ, ಹುರದದ್ದು ಬ್ಯಾಡ.'

ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಎನ್ನುವ ಗಾದೆಯನ್ನು ಕಟ್ಟಿದವರು ಹೊಲ ಇದ್ದವರೇ ಇರಬೇಕು. ನಮ್ಮ ಅವ್ವ ಪರರ ಹೊಲದಲ್ಲಿ ಮೂವತ್ತು ಸುಗ್ಗಿ ಕಡ್ಲಿ ಕಿತ್ತಿದ್ದಾಳೆ. ಈ ಸಲದ ಸುಗ್ಗಿ ಮುಗಿದು ಕೂಲಿ ಕೈಗೆ ಬಂದ ಮ್ಯಾಲ ಅಳತಿ ಕೊಡಾಕ ಬರ್ತೀವಿ ಅಂತ ಹೇಳಿ, ನವಲಗುಂದದ ಬಸ್ಸು ಹತ್ತಿದೆವು.